ಹೂ ಬಿಟ್ಟ ವಾರ ಬಿಸಿಲು ಹೇಗಿತ್ತು?

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನ ಕುಂಡದಲ್ಲೋ ಹಿತ್ತಲಲ್ಲೋ ಟೊಮೆಟೊ ಬೆಳೆಸಿದ್ದೀರಿ? ತುಂಬಾ ಕೈಗಳು ಮೇಲೆ ಬಂದವು, ಸಂತೋಷ. ಹಾಗಾದರೆ ಇದು ನಿಮಗೂ ಆಗಿರುತ್ತದೆ. ಗಿಡ ಸೊಂಟದೆತ್ತರ ಬೆಳೆದಿದೆ. ಎಲೆ ಕಡುಹಸಿರು. ಗೊಂಚಲು ಗೊಂಚಲು ಹಳದಿ ಹೂ. ಇವತ್ತು ಕಾಯಿ ಕಚ್ಚೀತು, ನಾಳೆ ಕಚ್ಚೀತು ಅಂತ ಕಾಯುತ್ತೀರಿ. ಕಚ್ಚುವುದೇ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ಹೂವೆಲ್ಲ ಕುಂಡದ ಮಣ್ಣಿನ ಮೇಲೆ ಬಿದ್ದಿರುತ್ತದೆ.

ನನಗೆ ಮೊದಲ ಸಲ ಹೀಗಾದಾಗ ಗೊಬ್ಬರ ಸಾಲದು ಅಂದುಕೊಂಡು ಇನ್ನಷ್ಟು ಹಾಕಿದೆ. ಎಲೆ ಇನ್ನಷ್ಟು ಸೊಂಪಾಯಿತು, ಕಾಯಿ ಬರಲಿಲ್ಲ. ಆಮೇಲೆ ಬಿದ್ದ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿದೆ. ನೀವೂ ಒಮ್ಮೆ ನೋಡಿ. ಟೊಮೆಟೊ ಹೂವಿನ ತೊಟ್ಟಿನ ನಡುವೆ ಬೆರಳಿನ ಗೆಣ್ಣಿನ ಹಾಗೆ ಒಂದು ಪುಟ್ಟ ಗಂಟು ಇರುತ್ತದೆ. ಹೂ ಕಳಚುವುದು ಅಲ್ಲೇ. ಕಿತ್ತ ಗುರುತು ಇರುವುದಿಲ್ಲ, ಕತ್ತರಿಯಲ್ಲಿ ಕತ್ತರಿಸಿದಷ್ಟು ನಯವಾಗಿರುತ್ತದೆ. ಗಾಳಿ ಉದುರಿಸಿದ ಹೂ ಅಲ್ಲ ಅದು. ಕಾಳು ಕಟ್ಟದ ಹೂವನ್ನು ಸಾಕುವುದು ಬೇಡ ಅಂತ ಗಿಡವೇ ಬಿಟ್ಟುಕೊಟ್ಟ ಹೂ.

ಕಾರಣ ಇಷ್ಟೇ. ಹಗಲಿನ ಬಿಸಿ 32 ಡಿಗ್ರಿ ದಾಟಿ, ರಾತ್ರಿಯೂ 21–24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ. ಹೂ ಅರಳುತ್ತದೆ, ನೋಡಲು ಚೆಂದವೇ ಇರುತ್ತದೆ, ಆದರೆ ಒಳಗಿನ ಪುಡಿಗೆ ಜೀವ ಇರುವುದಿಲ್ಲ. ಇನ್ನೊಂದು ಕಡೆ ರಾತ್ರಿ ತೀರಾ ತಂಪಾಗಿ 13 ಡಿಗ್ರಿಗಿಂತ ಕೆಳಗೆ ಹೋದರೂ ಇದೇ ಕಥೆ. ನಾವು ಎಷ್ಟೇ ಗೊಬ್ಬರ ಸುರಿದರೂ ಆ ವಾರದ ಹೂ ಕಾಯಿಯಾಗುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಟೊಮೆಟೊ ಹೂ ಅರಳಿ ಹಣ್ಣಾಗುವುದಕ್ಕೆ 45ರಿಂದ 60 ದಿನ ಬೇಕು. ಅಂದರೆ ಇವತ್ತು ಉದುರಿದ ಹೂವಿನ ಹಣ್ಣು ಮಾರುಕಟ್ಟೆಗೆ ಬರಬೇಕಾಗಿದ್ದದ್ದು ಏಳೆಂಟು ವಾರದ ಮೇಲೆ. ಬಿಸಿಲಿನ ಅಲೆ ಮುಗಿದಿರುತ್ತದೆ. ಹವೆ ಹಿತವಾಗಿರುತ್ತದೆ. ಆಗ ನಾವು ಚೀಲ ಹಿಡಿದು ಹೋಗಿ, 'ಇದೇನಿದು, ಈಗ ಹವಾಮಾನ ಚೆನ್ನಾಗೇ ಇದೆಯಲ್ಲ, ಬೆಲೆ ಯಾಕೆ ಹೀಗೆ ಏರಿತು?' ಅಂತ ಕೇಳುತ್ತೇವೆ. ಯಾರೋ ಬಚ್ಚಿಟ್ಟಿದ್ದಾರೆ ಅಂತ ಅನುಮಾನ ಪಡುತ್ತೇವೆ. ಒಮ್ಮೊಮ್ಮೆ ಬಚ್ಚಿಡುವವರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಸಲ ಅಲ್ಲಿ ಇಲ್ಲದಿರುವುದು ಒಂದೂವರೆ ತಿಂಗಳ ಹಿಂದೆ ಮಣ್ಣಿಗೆ ಬಿದ್ದ ಹೂವು.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ. ಈ ಬೇಸಿಗೆ ಸರಾಸರಿ ಎಷ್ಟು ಡಿಗ್ರಿ, ಒಟ್ಟು ಎಷ್ಟು ಮಳೆ ಅಂತ ನಾವು ಕೇಳುತ್ತೇವೆ. ಬೆಳೆಗೆ ಆ ಸರಾಸರಿಯಿಂದ ಆಗಬೇಕಾದದ್ದು ಕಡಿಮೆ. ಹೂ ಬಿಟ್ಟ ವಾರ ಹೇಗಿತ್ತು, ಹಾಲುಗಾಳು ಇದ್ದಾಗ ಹೇಗಿತ್ತು, ಕೊಯ್ಲಿನ ನಾಲ್ಕು ದಿನ ಹೇಗಿತ್ತು, ಅದರ ಮೇಲೆ ಎಲ್ಲ ನಿಂತಿದೆ. ಮತ್ತು ಆ ವಾರದ ಬೆಲೆಯನ್ನು ನಾವು ಕಟ್ಟುವುದು ತುಂಬಾ ತಡವಾಗಿ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮೆಕ್ಕೆಜೋಳದಲ್ಲಿ. ಅದರ ಹತ್ತಿರ ಸ್ವಲ್ಪ ಹೊತ್ತು ಕೂರೋಣ.

ಮೆಕ್ಕೆಜೋಳದ ಗಿಡದ ತುದಿಯಲ್ಲಿ ಸೂಲಂಗಿ ಬರುತ್ತದೆ, ಅದು ಗಂಡು ಹೂ. ಕೆಳಗೆ ಕಂಕುಳಲ್ಲಿ ತೆನೆ, ಅದು ಹೆಣ್ಣು. ತೆನೆಯ ತುದಿಯಿಂದ ರೇಷ್ಮೆಯಂಥ ಕೂದಲು ಇಳಿಬಿದ್ದಿರುತ್ತದಲ್ಲ, ಸುಲಿಯುವಾಗ ಕೈಗೆ ಅಂಟಿಕೊಂಡು ಕಿರಿಕಿರಿ ಮಾಡುವ ಕೂದಲು, ಅದರ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಐನೂರು ಕಾಳಿನ ತೆನೆ ಅಂದರೆ ಐನೂರು ಎಳೆ. ಮೇಲಿನ ಸೂಲಂಗಿಯಿಂದ ಉದುರಿದ ಪರಾಗ ಒಂದು ಎಳೆಯ ಮೇಲೆ ಕೂತು, ಎಳೆಯೊಳಗೇ ಕೊಳವೆಯ ಹಾಗೆ ಇಳಿದು ತಳ ಮುಟ್ಟಿದರೆ ಒಂದು ಕಾಳು. ಮುಟ್ಟದಿದ್ದರೆ ಆ ಜಾಗ ಖಾಲಿ. ಎರಡನೇ ಅವಕಾಶ ಇಲ್ಲ.

ಸೂಲಂಗಿ ಪರಾಗ ಉದುರಿಸುವುದು ಹೆಚ್ಚುಕಡಿಮೆ ಒಂದು ವಾರ. ಕಾದ ಒಣಗಾಳಿಯಲ್ಲಿ ಆ ಪುಡಿ ಒಂದೆರಡು ಗಂಟೆಗಿಂತ ಹೆಚ್ಚು ಬದುಕುವುದಿಲ್ಲ. ಇದೇ ಹೊತ್ತಿಗೆ ಭೂಮಿಯಲ್ಲಿ ತೇವ ಇಲ್ಲದಿದ್ದರೆ ಇನ್ನೊಂದು ತೊಂದರೆ. ಸೂಲಂಗಿ ತನ್ನ ಹೊತ್ತಿಗೆ ಸರಿಯಾಗಿ ಬರುತ್ತದೆ, ಆದರೆ ರೇಷ್ಮೆ ಎಳೆ ಬೆಳೆಯುವುದು ನಿಧಾನವಾಗುತ್ತದೆ. ಎಳೆ ಉದ್ದವಾಗಬೇಕಾದರೆ ನೀರು ಬೇಕು, ನೀರೇ ಇಲ್ಲ. ಎಳೆ ಹೊರಗೆ ಬರುವಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಗಂಡಿನ ಕಡೆಯವರು ಬಂದು, ಕಾದು, ಹೊರಟುಹೋದ ಮೇಲೆ ಹೆಣ್ಣಿನ ಕಡೆಯವರು ಬಂದ ಹಾಗೆ. ಗಿಡ ಆಳೆತ್ತರ ಹಸಿರಾಗಿ ನಿಂತಿರುತ್ತದೆ. ರಸ್ತೆಯಲ್ಲಿ ಹೋಗುವವರು 'ಆಹಾ, ಎಂಥಾ ಬೆಳೆ' ಅನ್ನುತ್ತಾರೆ. ರೈತ ತೆನೆ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು, ಹಲ್ಲು ಬಿದ್ದ ಬಾಯಿಯ ಹಾಗೆ. ತೆನೆಯ ತುದಿಯ ಎಳೆಗಳು ಎಲ್ಲಕ್ಕಿಂತ ಕೊನೆಗೆ ಹೊರಬರುತ್ತವೆ, ಅದಕ್ಕೇ ಕೆಟ್ಟ ಬೇಸಿಗೆಯ ತೆನೆಗೆ ತುದಿ ಬೋಳು.

ಆಫ್ರಿಕಾದಲ್ಲಿ ನಡೆದ ಮೆಕ್ಕೆಜೋಳದ ಸಾವಿರಾರು ಪ್ರಯೋಗ ತಾಕುಗಳ ಲೆಕ್ಕವನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. 30 ಡಿಗ್ರಿಯ ಮೇಲೆ ಒಂದು ಡಿಗ್ರಿ ಜಾಸ್ತಿಯಾಗಿ ಒಂದು ದಿನ ಕಳೆದರೆ, ಇಳುವರಿ ಸುಮಾರು ಶೇ 1ರಷ್ಟು ಇಳಿಯುತ್ತದೆ. ನೀರಿನ ಕೊರತೆಯೂ ಸೇರಿದರೆ ಶೇ 1.7. ಕೇಳಲು ಚಿಕ್ಕ ಸಂಖ್ಯೆ, ಅಲ್ವಾ? 30ರ ಬದಲು 35 ಡಿಗ್ರಿಯ ದಿನಗಳು ಒಂದು ವಾರ ಬಂದವು ಅಂದುಕೊಳ್ಳಿ. ಲೆಕ್ಕ ನೀವೇ ಮಾಡಿ ನೋಡಿ. 2012ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಜುಲೈನಲ್ಲಿ, ರೇಷ್ಮೆ ಎಳೆ ಬರುವ ಹೊತ್ತಿಗೆ ಸರಿಯಾಗಿ, ಬರವೂ ಬಿಸಿಲೂ ಒಟ್ಟಿಗೆ ಬಂದವು. ಆಗಸ್ಟ್ ಹೊತ್ತಿಗೆ ಅಲ್ಲಿನ ಮೆಕ್ಕೆಜೋಳ ಬುಶೆಲ್‌ಗೆ, ಅಂದರೆ ಸುಮಾರು 25 ಕಿಲೋಗೆ, 8 ಡಾಲರ್ ದಾಟಿತು. ಅಲ್ಲಿಯವರೆಗೆ ಕಂಡು ಕೇಳದ ಬೆಲೆ ಅದು.

ಭತ್ತದ ಹೂ ಇನ್ನೂ ಅವಸರದ್ದು. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಅರಳಿ, ಒಂದೆರಡು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಲ್ಲಿ 35 ಡಿಗ್ರಿ ದಾಟಿದರೆ, ಅದೂ ಒಂದೇ ಗಂಟೆ, ಕಾಳು ಜೊಳ್ಳು. ಹೊರಗಿನಿಂದ ತೆನೆ ತೆನೆಯ ಹಾಗೇ ಇರುತ್ತದೆ. ಬಾಗುವುದಿಲ್ಲ, ಅಷ್ಟೇ. ಬಾಗದ ತೆನೆ ನೋಡಿದರೆ ಬೆಳೆದವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರಾತ್ರಿಯ ಬಗ್ಗೆ ಒಂದು ಮಾತು, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಸುದ್ದಿಯಲ್ಲಿ ಹಗಲಿನ ಗರಿಷ್ಠ ಬಿಸಿಯೇ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಗಿಡ ಹಗಲು ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತದೆ, ರಾತ್ರಿ ಉಸಿರಾಡುತ್ತಾ ಅದರಲ್ಲೇ ಒಂದಿಷ್ಟು ಖರ್ಚು ಮಾಡುತ್ತದೆ. ರಾತ್ರಿ ಬಿಸಿಯಾಗಿದ್ದರೆ ಖರ್ಚು ಜಾಸ್ತಿ. ಹಗಲೆಲ್ಲ ದುಡಿದದ್ದು ರಾತ್ರಿ ಕರಗುತ್ತದೆ, ಕಾಳಿಗೆ ಹೋಗುವ ಪಾಲು ಕಡಿಮೆಯಾಗುತ್ತದೆ. ಫಿಲಿಪೈನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ 2004ರಲ್ಲಿ ಹೊರಬಂತು. ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ತಾಪ 1 ಡಿಗ್ರಿ ಏರಿದರೆ ಭತ್ತದ ಇಳುವರಿ ಶೇ 10ರಷ್ಟು ಇಳಿದಿತ್ತು. ಫ್ಯಾನ್ ಹಾಕಿಕೊಂಡೂ ನಿದ್ದೆ ಬಾರದ ರಾತ್ರಿಗಳಲ್ಲಿ ಬೆಳೆಗೂ ನಿದ್ದೆ ಇಲ್ಲ ಅಂತ ನೆನಪಿಟ್ಟುಕೊಳ್ಳಿ.

ಪ್ರಾಣಿಗಳ ಪಾಡೂ ಹೀಗೇ. ಜಾಸ್ತಿ ಹಾಲು ಕೊಡುವ ತಳಿಯ ಹಸುವಿಗೆ, ಗಾಳಿಯಲ್ಲಿ ತೇವ ಇದ್ದರೆ, 25 ಡಿಗ್ರಿ ಆಸುಪಾಸಿನಲ್ಲೇ ಸಂಕಟ ಶುರು. ಮೇವು ಮೆಲುಕುವುದೂ ಮೈ ಬಿಸಿ ಮಾಡುವ ಕೆಲಸವೇ, ಅದಕ್ಕೆ ಅದು ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ. ಕೋಳಿಗೆ ಬೆವರುವ ಗ್ರಂಥಿಗಳೇ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗಾಗಿಸಿಕೊಳ್ಳಬೇಕು. ಹಾಗೆ ಏದುಸಿರು ಬಿಟ್ಟಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾಗಿದ್ದದ್ದು ಅದೇ. ಬಿರುಬೇಸಿಗೆಯಲ್ಲಿ ಮೊಟ್ಟೆ ಕೈಯಲ್ಲಿ ಹಿಡಿದರೇ ಬಿರುಕು ಬಿಡುತ್ತದಲ್ಲ, ಅದು ಕೋಳಿ ಏದುಸಿರು ಬಿಟ್ಟ ಗುರುತು.

ಇಷ್ಟು ಹೊತ್ತು ಬಿಸಿಲಿನ ಮಾತಾಯಿತು. ಆದರೆ ಕೆಟ್ಟ ಬೇಸಿಗೆ ಅಂದರೆ ಬಿಸಿಲೊಂದೇ ಅಲ್ಲ. ಬೇಸಿಗೆಯೇ ಬೆಳೆಯ ಕಾಲವಾಗಿರುವ ತಂಪು ದೇಶಗಳಲ್ಲಿ ಜನ ಹೆದರುವುದು ಬಾರದ ಬೇಸಿಗೆಗೆ. ಇಂಡೊನೇಷ್ಯಾದ ಟಾಂಬೊರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿಯಿತು. ಅದು ಎಸೆದ ಗಂಧಕದ ಮಂಜು ಆಕಾಶದ ಮೇಲ್ಪದರದಲ್ಲಿ ಹರಡಿ ಸೂರ್ಯನ ಬಿಸಿಗೆ ಅಡ್ಡ ನಿಂತಿತು. ಮರುವರ್ಷ, 1816ರ ಜೂನ್‌ನಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿತ್ತು. ಪಶ್ಚಿಮ ಯುರೋಪಿನಲ್ಲಿ ಬೇಸಿಗೆಯೆಲ್ಲ ಚಳಿ ಮಳೆ. ದವಸ ಗದ್ದೆಯಲ್ಲೇ ಕೊಳೆಯಿತು, ಹುಲ್ಲು ಒಣಗಲಿಲ್ಲ, ಜನ ಹಸಿದರು. 'ಬೇಸಿಗೆಯೇ ಇಲ್ಲದ ವರ್ಷ' ಅಂತ ಅದಕ್ಕೆ ಹೆಸರು ಬಿತ್ತು. ಜರ್ಮನಿಯ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಆ ಹಸಿವಿನ ಬೆನ್ನಿಗೇ, 1818ರಲ್ಲಿ, ಹೋಹೆನ್‌ಹೈಮ್ ಎಂಬಲ್ಲಿ ಒಂದು ಕೃಷಿ ಶಾಲೆ ಶುರುವಾಯಿತು. ಇವತ್ತು ಅದು ವಿಶ್ವವಿದ್ಯಾಲಯ. ಒಂದು ಕೆಟ್ಟ ಬೇಸಿಗೆಯಿಂದ ಕಲಿಯಬೇಕು ಅಂತ ಒಬ್ಬ ರಾಜನಿಗೆ ಅನ್ನಿಸಿದ್ದು ನನಗೆ ತುಂಬಾ ದೊಡ್ಡ ಸಂಗತಿ.

ಜಡಿಮಳೆಯ ಬೇಸಿಗೆಯಲ್ಲೂ ದಿನದ ಲೆಕ್ಕವೇ ಮುಖ್ಯ. ಆಲೂಗಡ್ಡೆಯ ಅಂಗಮಾರಿ ರೋಗ ನೋಡಿ. 1845ರಿಂದ ಐರ್ಲೆಂಡನ್ನು ಹಸಿವಿಗೆ ತಳ್ಳಿದ್ದು ಅದೇ. ಈಗ ಬ್ರಿಟನ್‌ನಲ್ಲಿ ಆಲೂಗಡ್ಡೆ ಬೆಳೆಯುವವರಿಗೆ ಎಚ್ಚರಿಕೆ ಕೊಡುವ ಸೂತ್ರ ಹೀಗಿದೆ: ಸತತ ಎರಡು ದಿನ ತಾಪ 10 ಡಿಗ್ರಿಗಿಂತ ಕೆಳಗೆ ಇಳಿಯದೆ, ಎರಡೂ ದಿನ ಕನಿಷ್ಠ ಆರು ಗಂಟೆ ಗಾಳಿಯಲ್ಲಿ ಶೇ 90 ತೇವ ಇದ್ದರೆ, ರೋಗ ಬರುವ ಸಂಭವ ಇದೆ. ಎರಡೇ ದಿನ! ಎಲೆಯ ಮೇಲೆ ನೀರು ನಿಲ್ಲಲು ಅಷ್ಟು ಸಾಕು. ಗೋಧಿ ಮಾಗಿ ನಿಂತಾಗ ಒಂದು ವಾರ ಮಳೆ ಹಿಡಿದರೆ ಕಾಳು ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಮೊಳಕೆಗಾಗಿ ಒಳಗಿನ ಪಿಷ್ಟ ಒಡೆದುಹೋಗಿರುತ್ತದೆ. ಅಂಥ ಹಿಟ್ಟಿನ ಬ್ರೆಡ್ ಉಬ್ಬುವುದಿಲ್ಲ, ಒಳಗೆ ಅಂಟಂಟು. ಆಗ ಅದು ಮನುಷ್ಯರ ಊಟದ ಬೆಲೆ ಕಳೆದುಕೊಂಡು ದನದ ಮೇವಿನ ಬೆಲೆಗೆ ಹೋಗುತ್ತದೆ. ತೂಕ ಅಷ್ಟೇ ಇರುತ್ತದೆ, ದುಡ್ಡು ಮಾತ್ರ ಇರುವುದಿಲ್ಲ.

ಒಣಗಿದ ಮೇಲೆ ದಿಢೀರನೆ ಸುರಿಯುವ ಮಳೆ ಇನ್ನೊಂದು ಹಿಂಸೆ. ನೀರಿಲ್ಲದೆ ಟೊಮೆಟೊ ಸಿಪ್ಪೆ ಬಿರುಸಾಗಿರುತ್ತದೆ. ಮಳೆ ಬಂದು ಒಳಗಿನ ತಿರುಳು ಒಮ್ಮೆಲೇ ಉಬ್ಬಿದರೆ ಸಿಪ್ಪೆ ಒಡೆಯುತ್ತದೆ. ಚೆರಿಯೂ ಒಡೆಯುತ್ತದೆ. ಆಲೂಗಡ್ಡೆಗೆ ಗುಬುಟು ಗುಬುಟಾಗಿ ಮರಿಗಡ್ಡೆ ಏಳುತ್ತದೆ. ಅಂಗಡಿಯಲ್ಲಿ ವಕ್ರ ಆಲೂಗಡ್ಡೆ ಕಂಡರೆ ಅದನ್ನು ಬೇಸಿಗೆಯ ದಿನಚರಿ ಅಂತ ಓದಬಹುದು: ಇಲ್ಲಿ ನೀರಿರಲಿಲ್ಲ, ಇಲ್ಲಿ ಮಳೆ ಬಂತು. ದಯವಿಟ್ಟು ಅದನ್ನು ಪಕ್ಕಕ್ಕೆ ಸರಿಸಬೇಡಿ. ರುಚಿಯಲ್ಲಿ ಏನೂ ಕಡಿಮೆ ಇಲ್ಲ. ಕೆಟ್ಟ ವರ್ಷದಲ್ಲಿ ಬೆಳೆದವರ ಕೈಯಲ್ಲಿ ಉಳಿದಿರುವುದೇ ಅಂಥದ್ದು.

ಈಗ ಬೆಲೆಗೆ ಬರೋಣ.

ಬೆಳೆ ಶೇ 10 ಕಡಿಮೆಯಾದರೆ ಬೆಲೆ ಶೇ 10 ಏರಬೇಕಲ್ಲವೇ ಅಂತ ತುಂಬಾ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಮುನ್ನೂರು ವರ್ಷಕ್ಕೂ ಹಳೆಯ ಒಂದು ಉತ್ತರ ಇದೆ. ಇಂಗ್ಲೆಂಡಿನ ಗ್ರೆಗರಿ ಕಿಂಗ್ ಎಂಬವರ ಹೆಸರಿನಲ್ಲಿರುವ ಲೆಕ್ಕ ಅದು, 1699ರಲ್ಲಿ ಚಾರ್ಲ್ಸ್ ಡ್ಯಾವನೆಂಟ್ ಅದನ್ನು ಅಚ್ಚು ಹಾಕಿಸಿದರು. ಆ ಲೆಕ್ಕದ ಪ್ರಕಾರ ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕಡಿಮೆಯಾದರೆ ಎಂಟು ಪಾಲು. ಮೂರು ಪಾಲು ಕಡಿಮೆಯಾದರೆ ಹದಿನಾರು. ಅಂದರೆ ಬೆಲೆ ಎರಡೂವರೆ ಪಟ್ಟಿಗೂ ಮೇಲೆ. ಇವತ್ತಿನ ಮಾರುಕಟ್ಟೆಗೆ ಇದೇ ಅಂಕಿ ಹೊಂದುವುದಿಲ್ಲ, ಆದರೆ ಅದರ ಹಿಂದಿನ ಕಾರಣ ಇಂದಿಗೂ ನಿಜ. ಬೆಲೆ ಏರಿತೆಂದು ನಾವು ಊಟ ಬಿಡುವುದಿಲ್ಲ. ಬಟ್ಟೆ ಕೊಳ್ಳುವುದನ್ನು ಮುಂದಕ್ಕೆ ಹಾಕಬಹುದು, ಊಟವನ್ನು ಹಾಕಲಾಗುವುದಿಲ್ಲ. ಎಲ್ಲರೂ ಮೊದಲಿನಷ್ಟೇ ಕೊಳ್ಳಲು ಹೋಗುತ್ತಾರೆ, ಇರುವುದು ಕಡಿಮೆ. ಯಾರಾದರೂ ಹಿಂದೆ ಸರಿಯುವ ತನಕ ಬೆಲೆ ಏರುತ್ತಲೇ ಇರುತ್ತದೆ. ಹಿಂದೆ ಸರಿಯುವವರು ಯಾರು? ಕೈಯಲ್ಲಿ ಕಾಸಿಲ್ಲದವರು. ಆ ಕೋಷ್ಟಕದಲ್ಲಿ ನನಗೆ ಕಾಣುವುದು ಅವರೇ.

ಎಲ್ಲದರ ಬೆಲೆಯೂ ಒಂದೇ ಥರ ಏರುವುದಿಲ್ಲ. ಸೊಪ್ಪು, ತರಕಾರಿ ಕೂಡಿಡಲಾಗದ ಮಾಲು. ಹೋದ ವರ್ಷದ ದಾಸ್ತಾನು ಅಂತ ಇರುವುದಿಲ್ಲ. ಅದಕ್ಕೇ ವಾರದಲ್ಲಿ ಏರಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಏರಿದ್ದನ್ನು ನೋಡಿ ಎಲ್ಲರೂ ಅದನ್ನೇ ನೆಟ್ಟಿರುತ್ತಾರೆ, ಎಲ್ಲರ ಫಸಲೂ ಒಟ್ಟಿಗೆ ಬಂದು ಬೆಲೆ ನೆಲ ಕಚ್ಚುತ್ತದೆ. ಧಾನ್ಯಕ್ಕೆ ಗೋದಾಮು ಇದೆ, ಹಡಗು ಇದೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಬರುತ್ತದೆ, ಪೆಟ್ಟು ಹಂಚಿಹೋಗುತ್ತದೆ. ಆದರೆ ಹಂಚಿಹೋಗುವುದಕ್ಕೆ ಬಾಗಿಲು ತೆರೆದಿರಬೇಕು.

2010ರಲ್ಲಿ ಆ ಬಾಗಿಲು ಮುಚ್ಚಿತು. ರಷ್ಯಾದಲ್ಲಿ ಹಿಂದೆಂದೂ ಕಾಣದ ಬಿಸಿಲು. ಜುಲೈ 29ರಂದು ಮಾಸ್ಕೋದಲ್ಲಿ 38.2 ಡಿಗ್ರಿ. ಹಿಂದಿನ ವರ್ಷ ಸುಮಾರು 9.7 ಕೋಟಿ ಟನ್ ಇದ್ದ ಧಾನ್ಯದ ಬೆಳೆ ಸುಮಾರು 6.1 ಕೋಟಿ ಟನ್ನಿಗೆ ಇಳಿಯಿತು. ಆಗಸ್ಟ್ 15ರಿಂದ ರಷ್ಯಾ ಧಾನ್ಯದ ರಫ್ತು ನಿಲ್ಲಿಸಿತು. ಆಗ ಪ್ರಪಂಚದ ಗೋದಾಮುಗಳು ಖಾಲಿ ಇರಲಿಲ್ಲ, ಗೋಧಿ ಸಾಕಷ್ಟು ಇತ್ತು. ಆದರೂ ಎರಡೇ ತಿಂಗಳಲ್ಲಿ ಗೋಧಿಯ ಬೆಲೆ ಅರ್ಧಕ್ಕಿಂತ ಜಾಸ್ತಿ ಏರಿತು. ಬೆಳೆ ಹಾಳಾದ್ದು ಒಂದು ಪೆಟ್ಟು, ಗಾಬರಿ ಇನ್ನೊಂದು ಪೆಟ್ಟು. ಬ್ರೆಡ್ಡಿಗಾಗಿ ಹೊರಗಿನ ಗೋಧಿಯನ್ನೇ ನಂಬಿದ್ದ ಈಜಿಪ್ಟಿನಂಥ ದೇಶಗಳು ಎರಡನ್ನೂ ತಿಂದವು. ಮರುವರ್ಷ, 2011ರಲ್ಲಿ, ಜಿ20 ದೇಶಗಳು ಸೇರಿ ಬೆಳೆ ಮತ್ತು ದಾಸ್ತಾನಿನ ನಿಜವಾದ ಲೆಕ್ಕ ಎಲ್ಲರಿಗೂ ಸಿಗುವಂತೆ ಒಂದು ಮಾಹಿತಿ ವ್ಯವಸ್ಥೆ ಮಾಡಿದವು. ರೋಮ್‌ನಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ ಅದು ಈಗಲೂ ನಡೆಯುತ್ತಿದೆ. ಗಾಬರಿಗೆ ಮದ್ದು ಲೆಕ್ಕವೇ.

ಮಾಂಸದ ಬೆಲೆ ವಿಚಿತ್ರ. ಬರ ಬಂದಾಗ ಅದು ಮೊದಲು ಇಳಿಯುತ್ತದೆ. ಮೇವಿಲ್ಲದೆ ರೈತರು ದನ ಮಾರುತ್ತಾರೆ, ಮಾರುಕಟ್ಟೆ ತುಂಬುತ್ತದೆ. ಹೆಣ್ಣು ಕರುಗಳೂ ಹೋಗಿರುತ್ತವೆ. ಮಂದೆ ಮತ್ತೆ ಬೆಳೆಯಲು ವರ್ಷಗಳು ಬೇಕು. 2012ರ ಬರದ ನಂತರ, 2014ರ ಜನವರಿಯಲ್ಲಿ, ಅಮೆರಿಕದ ದನಗಳ ಸಂಖ್ಯೆ 1951ರಿಂದ ಈಚೆಗೆ ಅತಿ ಕಡಿಮೆ ಇತ್ತು. ಒಂದು ಬೇಸಿಗೆಯ ಬಿಲ್ ಎರಡು ವರ್ಷ ತಡವಾಗಿ ಬಂತು. ಚೆರಿಯಂಥ ಹಣ್ಣಿನ ಮರಗಳಲ್ಲೂ ಹೀಗೇ. ಮುಂದಿನ ವರ್ಷದ ಹೂವಿನ ಮೊಗ್ಗು ರೂಪ ಪಡೆಯುವುದು ಈ ವರ್ಷದ ಬೇಸಿಗೆಯಲ್ಲಿ. ಒಂದೇ ತೊಟ್ಟಿನಲ್ಲಿ ಅಂಟಿಕೊಂಡಿರುವ ಜೋಡಿ ಚೆರಿ ನೋಡಿದ್ದೀರಾ? ಅದು ಹೋದ ವರ್ಷದ ಕಡುಬಿಸಿಲಿನ ಗುರುತು. ಸ್ಪೇನಿನಲ್ಲಿ 2022ರಲ್ಲಿ ಆಲಿವ್ ಹೂ ಬಿಡುವ ಮೇ ತಿಂಗಳಲ್ಲೇ ಬಿಸಿಲು ಬಿತ್ತು, ಬರವೂ ಇತ್ತು. ಸುಮಾರು 15 ಲಕ್ಷ ಟನ್ ಇದ್ದ ಎಣ್ಣೆಯ ಉತ್ಪಾದನೆ 7 ಲಕ್ಷ ಟನ್ನಿಗಿಂತ ಕೆಳಗೆ ಬಂತು. ಪ್ರಪಂಚದ ಆಲಿವ್ ಎಣ್ಣೆಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುವುದರಿಂದ ಎಲ್ಲ ಕಡೆಯೂ ಬೆಲೆ ಏರಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆಲೆ ಏರಿದಾಗ 'ರೈತರಿಗೆ ಒಳ್ಳೇ ಕಾಲ' ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಅದು ಸಹಿಸಲಾಗದ ಮಾತು. ಕಿಲೋಗೆ ಬೆಲೆ ಏರಿದೆ ನಿಜ. ಅವರ ಹತ್ತಿರ ಮಾರಲು ಕಿಲೋ ಎಲ್ಲಿದೆ? ಬೀಜಕ್ಕೆ, ಉಳುಮೆಗೆ, ನೀರೆತ್ತುವುದಕ್ಕೆ ಪೂರ್ತಿ ವರ್ಷದ ದುಡ್ಡು ಖರ್ಚಾಗಿದೆ. ಸಿಕ್ಕಿದ್ದು ಕಾಲು ಫಸಲು. ನೀರಿದ್ದು ಬೆಳೆ ಉಳಿದ ನಾಲ್ಕು ಜನ ಗೆಲ್ಲುತ್ತಾರೆ, ಬೆಳೆ ಹೋದ ನಲವತ್ತು ಜನ ಅದೇ ತರಕಾರಿಯನ್ನು ನಮ್ಮ ಹಾಗೆ ಏರಿದ ಬೆಲೆಗೆ ಕೊಂಡು ತಿನ್ನುತ್ತಾರೆ.

ಕೊನೆಗೆ ನಮ್ಮ ಕುಂಡ, ಹಿತ್ತಲು. ನೀವೆಲ್ಲ ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಮಧ್ಯಾಹ್ನ ಕುಂಬಳ, ಸೌತೆಯ ಎಲೆ ಬಾಡಿ ಜೋತುಬಿದ್ದರೆ ಓಡಿಹೋಗಿ ನೀರು ಹಾಕಬೇಡಿ. ಎಲೆಯಿಂದ ಆವಿಯಾಗಿ ಹೋಗುವಷ್ಟು ವೇಗದಲ್ಲಿ ಬೇರು ನೀರು ಎತ್ತಲಾಗುತ್ತಿಲ್ಲ, ಅಷ್ಟೇ. ಸಂಜೆ ನೋಡಿ. ಎದ್ದು ನಿಂತಿದ್ದರೆ ಗಿಡ ಚೆನ್ನಾಗಿದೆ. ಬೆಳಿಗ್ಗೆಯೂ ಬಾಡಿದ್ದರೆ ಬಾಯಾರಿಕೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಳಗೆ ತಂಪು ತಗುಲಿದರೆ ಇವತ್ತು ನೀರು ಬೇಡ. ಬೇಕಿದ್ದರೆ ಬೆಳಿಗ್ಗೆ ಬೇಗ ಬುಡಕ್ಕೆ ನಿಧಾನವಾಗಿ ಆಳಕ್ಕೆ ಇಳಿಯುವಷ್ಟು ಹಾಕಿ. ದಿನಾ ಸುಮ್ನೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿದು ಮೊದಲು ಸುಡುವುದು ಅದೇ. ಲೆಕ್ಕ ಬೇಕೆಂದರೆ, 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್. ವಾರಕ್ಕೆ 25 ಮಿಲಿಮೀಟರ್ ಮಳೆಯಷ್ಟು ನೀರು ತರಕಾರಿ ಮಡಿಗೆ ಸಾಧಾರಣ ಬೇಕು, ಕಡುಬಿಸಿಲಲ್ಲಿ ಇನ್ನೂ ಜಾಸ್ತಿ.

ಕುಂಡ ಪೂರ್ತಿ ಒಣಗಿದ್ದರೆ ಮಣ್ಣು ಕುಗ್ಗಿ ಅಂಚಿನಲ್ಲಿ ಸಂದು ಬಿಟ್ಟಿರುತ್ತದೆ. ಹಾಕಿದ ನೀರು ಆ ಸಂದಿನಲ್ಲೇ ಸರಸರ ಇಳಿದು ತಳದಿಂದ ಹೊರಗೆ ಬರುತ್ತದೆ. ನೀರು ಹೊರಬಂತಲ್ಲ, ಸಾಕು ಅಂದುಕೊಳ್ಳುತ್ತೇವೆ. ನಡುವಿನ ಬೇರಿನ ಮುದ್ದೆ ಧೂಳಿನಷ್ಟು ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ಎತ್ತಿ ನೀರಿನ ಬಕೆಟ್ಟಿನಲ್ಲಿ ಇಡಿ. ಗುಳುಗುಳು ಗುಳ್ಳೆ ಬರುತ್ತದೆ. ಗುಳ್ಳೆ ನಿಲ್ಲುವ ತನಕ ಬಿಡಿ.

ಮಣ್ಣಿಗೆ ಹೊದಿಕೆ ಹಾಕಿ. ಒಣ ಎಲೆ, ಒಣ ಹುಲ್ಲು, ಏನಾದರೂ ಸರಿ, ಮೂರು ಬೆರಳು ದಪ್ಪ. ಕಾಂಡಕ್ಕೆ ತಾಗಿಸಬೇಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ. ಟೊಮೆಟೊ ಕಾಯಿಯ ಕೆಳತುದಿ ಕಪ್ಪಾಗಿ ಒಳಕ್ಕೆ ಕುಸಿಯುತ್ತದಲ್ಲ, ಅದನ್ನು ಜನ ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ಸಾಮಾನ್ಯವಾಗಿ ಅದು ನೀರಿನ ಏರುಪೇರು. ಕ್ಯಾಲ್ಸಿಯಂ ಕಾಯಿಯ ತುದಿ ತಲುಪುವುದು ನೀರಿನ ಜೊತೆಗೆ. ಒಂದು ದಿನ ತುಂಬಾ ನೀರು, ಮೂರು ದಿನ ಬರಗಾಲ ಅಂದರೆ ತುದಿಗೆ ತಲುಪುವುದಿಲ್ಲ. ಹೊದಿಕೆ ಹಾಕಿ ಹದ ಕಾಪಾಡಿದರೆ ಮುಂದಿನ ಗೊಂಚಲು ಸರಿಯಾಗುತ್ತದೆ.

ಮಧ್ಯಾಹ್ನದ ಪಡುವಣ ಬಿಸಿಲಿಗೆ ಅಡ್ಡವಾಗಿ ಶೇ 30ರಿಂದ 50ರ ನೆರಳು ಬಲೆ ಕಟ್ಟಿ. ಹಳೇ ತೆಳು ಬಟ್ಟೆಯೂ ಆದೀತು. ಹಣ್ಣಿನ ಮೇಲಿರುವ ಎಲೆಗಳನ್ನು ಕೀಳಬೇಡಿ, ಅದೇ ಅದರ ಕೊಡೆ. ಬಾಡುತ್ತಿರುವ ಗಿಡಕ್ಕೆ ಗೊಬ್ಬರ ಬೇಡ, ನಾನು ಮಾಡಿದ ತಪ್ಪು ಅದು. ತಾಪ 30 ಡಿಗ್ರಿ ದಾಟಿದರೆ ಟೊಮೆಟೊದಲ್ಲಿ ಕೆಂಪು ಬಣ್ಣ ಕಟ್ಟುವುದಿಲ್ಲ, ತೊಟ್ಟಿನ ಸುತ್ತ ಹಳದಿಯಾಗೇ ಉಳಿಯುತ್ತದೆ. ಬಣ್ಣ ತಿರುಗಲು ಶುರುವಾದ ಕೂಡಲೇ ಕಿತ್ತು ಮನೆಯೊಳಗೆ ನೆರಳಲ್ಲಿಡಿ. ಅಲ್ಲೇ ಚೆನ್ನಾಗಿ ಕೆಂಪಾಗುತ್ತದೆ. ಲೆಟಿಸ್ ಬೀಜ ಕಾದ ಮಣ್ಣಿನಲ್ಲಿ ಮೊಳೆಯುವುದೇ ಇಲ್ಲ, ಬೀಜ ಕೆಟ್ಟಿದೆ ಅಂತ ಬಿಸಾಡಬೇಡಿ. ಸಂಜೆ ಬಿತ್ತಿ, ಮೊಳಕೆ ಕಾಣುವ ತನಕ ಮಡಿಯ ಮೇಲೆ ಒದ್ದೆ ಗೋಣಿ ಹಾಸಿ.

ಮಳೆ ಬಿಡದ ಬೇಸಿಗೆಯಾದರೆ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ. ನೆಲಕ್ಕೆ ತಾಗುವ ಎಲೆ ಕತ್ತರಿಸಿ, ಗಿಡಗಳ ನಡುವೆ ಗಾಳಿ ಆಡುವಂತೆ ಬಿಡಿ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಆರಿಸುವುದು ಬೇಸರದ ಕೆಲಸ, ಆದರೆ ಫಲ ಕೊಡುತ್ತದೆ. ಮಳೆಯಲ್ಲಿ ಜೇನು ಹಾರುವುದಿಲ್ಲ, ಆದ್ದರಿಂದ ಕುಂಬಳದ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಸವರಿ. ಬೆಳಿಗ್ಗೆಯೇ ಆಗಬೇಕು, ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿರುತ್ತದೆ.

ಮತ್ತೆ ಒಂದು ನೋಟ್‌ಬುಕ್ ಇಡಿ. ಹೂ ಬಿಟ್ಟ ದಿನ, ಆ ವಾರದ ಹಗಲಿನ ಬಿಸಿ, ರಾತ್ರಿಯ ಬಿಸಿ, ಕಾಯಿ ಕಚ್ಚಿದ ದಿನ, ಅಷ್ಟು ಬರೆದರೆ ಸಾಕು. ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹನ್ನೊಂದು ದಿನ ಒಂದೇ ಸಾಲು ಇದೆ: 'ಹೂ ಉದುರಿತು.' ಗೊಬ್ಬರ ನಿಲ್ಲಿಸಿದ್ದೆ, ಬಲೆ ಕಟ್ಟಿದ್ದೆ, ಬೆಳಿಗ್ಗೆ ಎದ್ದ ಕೂಡಲೇ ಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದೆ, ಪರಾಗ ಉದುರಲಿ ಅಂತ. ಹನ್ನೆರಡನೇ ರಾತ್ರಿ ಹವೆ ತಂಪಾಯಿತು, 19 ಡಿಗ್ರಿ ಅಂತ ಬರೆದಿದ್ದೇನೆ. ಅದಾದ ಐದನೇ ದಿನದ ಸಾಲು ಹೀಗಿದೆ: 'ಎರಡನೇ ಗೊಂಚಲು. ಮೂರು ಹೂ ಬಾಡಿವೆ, ಆದರೆ ಉದುರಿಲ್ಲ. ಒಂದರ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು.'